ಸೆರೆಗೆ ಹೋದವನ ಮನೆಯ ದೀಪ



ಗೃಹಸ್ಥಾಶ್ರಮವೇ ಉಳಿದೆಲ್ಲ ಆಶ್ರಮಗಳಿಗೆ ಆಧಾರವೆಂದು ಹಿರಿಯರು ಸಾರಿದ್ದಾರೆ. ಜಂಗಮನ ಜೋಳಿಗೆ ತುಂಬುವುದು ಗೃಹಸ್ಥನ ಹೊಸ್ತಿಲಲ್ಲಿ. ಮಠದ ದಾಸೋಹದ ಒಲೆ ಉರಿಯುವುದು ಗೃಹಸ್ಥನ ಕಣದಿಂದ ಬಂದ ಕಾಳಿನ ಬಲದಿಂದ. ಆದ್ದರಿಂದಲೇ ಮನೆ ಮುರಿಯುವ ಕೆಲಸವನ್ನು ನಮ್ಮ ಜನ ಗುಡಿ ಕೆಡಹುವ ಕೆಲಸಕ್ಕೆ ಸಮವೆಂದು ತಿಳಿದರು. ಕುಡಿತದಿಂದ ಮನೆ ಮುರಿಯುತ್ತದೆ. ಹೊಲದ ಬದುವಿನ ಜಗಳದಿಂದ ಮುರಿಯುತ್ತದೆ. ಚಾಡಿಮಾತಿನಿಂದ ಮುರಿಯುತ್ತದೆ. ಇವೆಲ್ಲ ಮನುಷ್ಯನ ದೌರ್ಬಲ್ಯಗಳು; ಹಿರಿಯರು ಕೂಡಿಸಿ ಬುದ್ಧಿ ಹೇಳಿದರೆ ತಿದ್ದಬಹುದು. ಆದರೆ ಪ್ರಜೆಗಳ ಮನೆಯನ್ನು ಕಾಯಬೇಕಾದ ಪ್ರಭುತ್ವವೇ ಮನೆಯೊಳಗೆ ಕೈಯಿಟ್ಟು, ಮಗನ ಮಾತಿಗಾಗಿ ತಾಯಿಯನ್ನು ಅಳಿಸಿ, ಅಣ್ಣನ ನಡೆಗಾಗಿ ತಮ್ಮನನ್ನು ಎಳೆದೊಯ್ದರೆ ಏನು ಮಾಡಬೇಕು? ಆಗ ಮನೆಯವರ ನಿಷ್ಠೆ ಎಂದರೆ ಯಾವುದು? ನೆರೆಹೊರೆಯವರ ಧರ್ಮ ಯಾವುದು? ಈ ವಾರ ಇದನ್ನು ವಿಚಾರಿಸೋಣ.

ಈ ಪ್ರಶ್ನೆ ನಮಗೆ ಹೊಸದಲ್ಲ. 12ನೆಯ ಶತಮಾನದ ಕಲ್ಯಾಣದ ಕಥೆ ಭಕ್ತರಿಗೆಲ್ಲ ತಿಳಿದದ್ದೇ. ಸಮಗಾರ ಹರಳಯ್ಯನವರ ಮಗ ಶೀಲವಂತನಿಗೂ, ಬ್ರಾಹ್ಮಣ ಮನೆತನದಿಂದ ಶರಣ ಧರ್ಮಕ್ಕೆ ಬಂದ ಮಧುವರಸರ ಮಗಳು ಲಾವಣ್ಯಳಿಗೂ ಸಂಬಂಧ ಕೂಡಿತು. ಬಿಜ್ಜಳನ ಆಡಳಿತ ದಂಡ ವಿಧಿಸಿದ್ದು ಬೀಗರಿಬ್ಬರಿಗೆ. ಕಣ್ಣು ಕೀಳಿಸಿ, ಆನೆಯ ಕಾಲಿಗೆ ಕಟ್ಟಿ ಎಳೆಸಿದರೆಂದು ಪರಂಪರೆ ಹೇಳುತ್ತ ಬಂದಿದೆ. ಪುರಾಣ ಪ್ರವಚನಗಳಲ್ಲಿ ನಾವು ಇದನ್ನು ಜಾತಿಯ ಕಟ್ಟನ್ನು ಹರಿದ ಪ್ರಸಂಗವೆಂದು ಹೇಳುತ್ತೇವೆ, ಅದು ಸರಿಯೇ. ಆದರೆ ಅದಕ್ಕೆ ಇನ್ನೊಂದು ಮುಖ ಉಂಟು. ಮಕ್ಕಳ ಬಾಳಿಗಾಗಿ ತಂದೆಯರನ್ನು ಶಿಕ್ಷಿಸಿದ ಪ್ರಸಂಗವೂ ಅದೇ. ಸಂಬಂಧ ಮುರಿದೆವು ಎಂದು ಆ ಇಬ್ಬರು ಬೀಗರು ಅರಮನೆಯಲ್ಲಿ ಒಂದು ಮಾತು ಒಪ್ಪಿಸಿದ್ದರೆ ಪ್ರಾಣ ಉಳಿಯುತ್ತಿತ್ತೇನೋ. ಅವರು ಒಪ್ಪಿಸಲಿಲ್ಲ. ಆಮೇಲೆ ಶರಣರು ಕಲ್ಯಾಣ ತೊರೆದು ಉಳವಿಯ ಕಡೆಗೆ ನಡೆದಾಗ ಅಕ್ಕ ನಾಗಮ್ಮನವರು ಮಗ ಚೆನ್ನಬಸವಣ್ಣನವರ ಜೊತೆಗೆ ನಡೆದರು. ಬಸವಣ್ಣನವರ ಧರ್ಮಪತ್ನಿ ಗಂಗಾಂಬಿಕೆಯವರು ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯಲ್ಲಿ ಐಕ್ಯರಾದರೆಂದು ಅಲ್ಲಿಯ ಸಮಾಧಿ ಸ್ಥಳ ಇಂದಿಗೂ ಸಾರುತ್ತಿದೆ. ರಾಜನ ಮುನಿಸು ಒಬ್ಬನ ಮೇಲೆ ಬಿದ್ದರೆ ನಡೆಯಬೇಕಾದವರು ಮನೆಮಂದಿಯೆಲ್ಲ.

ಅದು ಬಹು ಹಿಂದಿನ ಮಾತಾಯಿತು. ನಮ್ಮ ಹೊಳೆದಂಡೆಯ ಮಾತಿಗೆ ಬರೋಣ. ಸಿರುಗುಪ್ಪದ ಸೀಮೆಯಲ್ಲಿ ತುಂಗಭದ್ರೆಯ ದಂಡೆಗೆ ನಿಂತು ಆಚೆ ನೋಡಿದರೆ ಕಾಣುವುದು ರಾಯಚೂರು ಜಿಲ್ಲೆ. 1948ರವರೆಗೆ ಅದು ನಿಜಾಮನ ರಾಜ್ಯ. ಈಚೆಯದು ಮದರಾಸು ಪ್ರಾಂತ. ದೇಶಕ್ಕೆ 1947ರ ಆಗಸ್ಟ್ 15ರಂದು ಸ್ವಾತಂತ್ರ್ಯ ಬಂದರೂ ಹೊಳೆಯ ಆಚೆಯವರಿಗೆ ಅದು ಬರಲು ಇನ್ನೂ 13 ತಿಂಗಳು ಬೇಕಾಯಿತು. ಆ 13 ತಿಂಗಳಲ್ಲಿ ಕಾಸಿಂ ರಜ್ವಿಯ ರಜಾಕಾರರು ಹಳ್ಳಿಹಳ್ಳಿಗಳಲ್ಲಿ ನಡೆಸಿದ ಉಪಟಳವನ್ನು ಹಿರಿಯರು ಇಂದಿಗೂ ನಿಟ್ಟುಸಿರಿಟ್ಟು ಹೇಳುತ್ತಾರೆ. ಸ್ವಾಮಿ ರಮಾನಂದ ತೀರ್ಥರ ಕರೆಗೆ ಓಗೊಟ್ಟ ಯುವಕರು ಮುಂಡರಗಿ, ಗಜೇಂದ್ರಗಡ ಮುಂತಾದ ಗಡಿ ಶಿಬಿರಗಳನ್ನು ಸೇರಿದರು. ಹುಡುಗ ಶಿಬಿರಕ್ಕೆ ಹೋದರೆ ಹಿಂದೆ ಉಳಿದವರು ಯಾರು? ಮುದುಕ ತಂದೆ, ಹಸುಗೂಸಿನ ಬಾಣಂತಿ, ಕಟ್ಟಿದ ದನ, ಬಿತ್ತಿದ ಹೊಲ. ಎಷ್ಟೋ ಮನೆಗಳವರು ಉಟ್ಟ ಬಟ್ಟೆಯಲ್ಲಿ ಹರಿಗೋಲು ಹತ್ತಿ ಹೊಳೆ ದಾಟಿದರು. ಈಚೆ ದಂಡೆಯವರು ಅವರಿಗೆ ರೊಟ್ಟಿ ಕೊಟ್ಟರು, ತಲೆ ಮರೆಸಿಕೊಳ್ಳಲು ಪಡಸಾಲೆ ಬಿಟ್ಟುಕೊಟ್ಟರು. 1948ರ ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳಹೊಕ್ಕು 17ರಂದು ನಿಜಾಮ ಶರಣಾದ ಮೇಲೆಯೇ ಆ ಮನೆಗಳ ಒಲೆ ಮತ್ತೆ ಹೊತ್ತಿದ್ದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇದು ಹಿಂದೂ ಮುಸಲ್ಮಾನರ ಕದನವೆಂದು ಯಾರೂ ತಪ್ಪು ತಿಳಿಯಬಾರದು. ಹೈದರಾಬಾದಿನಲ್ಲಿ ಶೋಯೆಬುಲ್ಲಾ ಖಾನ್ ಎಂಬ ತರುಣ ಸಂಪಾದಕರಿದ್ದರು. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯಲ್ಲಿ, ಸಂಸ್ಥಾನವು ಭಾರತದೊಡನೆ ಸೇರಬೇಕೆಂದು ನಿರ್ಭಯವಾಗಿ ಬರೆದರು. 1948ರ ಆಗಸ್ಟ್ ತಿಂಗಳ ಒಂದು ರಾತ್ರಿ ಕೆಲಸ ಮುಗಿಸಿ ಮನೆಗೆ ಮರಳುವಾಗ ರಜಾಕಾರರು ಅವರನ್ನು ಕೊಂದರು. ಜೊತೆಗಿದ್ದ ಅವರ ಭಾವಮೈದುನ ಇಸ್ಮಾಯಿಲ್ ಬಿಟ್ಟು ಓಡಬಹುದಾಗಿತ್ತು. ಓಡದೆ ಬಿಡಿಸಿಕೊಳ್ಳಲು ಹೋದರು. ಅವರ ಕೈಯನ್ನು ಕತ್ತರಿಸಿದರು. ಬರೆದವನು ಒಬ್ಬ, ಕೈ ಕಳೆದುಕೊಂಡವನು ಇನ್ನೊಬ್ಬ. ಕಳ್ಳುಬಳ್ಳಿಯ ನಿಷ್ಠೆಗೆ ಜಾತಿಯಿಲ್ಲ, ಮತವಿಲ್ಲ.

ಇನ್ನು ಸೆರೆಮನೆಯ ಮಾತು. ಬಳ್ಳಾರಿಗೆ ಸೆರೆಮನೆ ಹೊಸದಲ್ಲ. ನಮ್ಮ ಅಲ್ಲೀಪುರದ ಜೈಲಿಗೆ ಬ್ರಿಟಿಷರು ದಕ್ಷಿಣದ ಮೂಲೆಮೂಲೆಯಿಂದ ಸತ್ಯಾಗ್ರಹಿಗಳನ್ನು ತಂದು ತುಂಬುತ್ತಿದ್ದರು. ಮುಂದೆ ಮದರಾಸಿನ ಮುಖ್ಯಮಂತ್ರಿಗಳಾದ ಕಾಮರಾಜರು 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಶಿಕ್ಷೆ ಹೊಂದಿ ಇಲ್ಲಿಯೇ ಇದ್ದು, 1931ರಲ್ಲಿ ಗಾಂಧಿ-ಇರ್ವಿನ್ ಒಪ್ಪಂದವಾದಾಗ ಬಿಡುಗಡೆ ಹೊಂದಿದರು. ಅವರು ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡವರು. ದೂರದ ವಿರುಧುನಗರದಲ್ಲಿ ತಾಯಿ ಶಿವಕಾಮಿಯವರು ದಿನ ಎಣಿಸುತ್ತ ಕುಳಿತಿದ್ದರು. ಅಲ್ಲೀಪುರದ ಗೋಡೆಯೊಳಗೆ ಒಬ್ಬ ಬಂದಿ ಇದ್ದನೆಂದರೆ, ಗೋಡೆಯ ಹೊರಗೆ ಎಲ್ಲಿಯೋ ಒಂದು ಮನೆ ಸೆರೆಯಾಗಿತ್ತೆಂದೇ ಲೆಕ್ಕ. ಚರಿತ್ರೆಯ ಪುಸ್ತಕದಲ್ಲಿ ಒಳಗಿದ್ದವನ ಹೆಸರು ಸಿಗುತ್ತದೆ. ಹೊರಗಿದ್ದವರ ಹೆಸರು ಸಿಗುವುದು ಅಪರೂಪ.

ಅದು ಪರಕೀಯರ ಆಳ್ವಿಕೆ ಎನ್ನಬಹುದು. ನಮ್ಮವರೇ ಆಳಿದ ಕಾಲದಲ್ಲೂ ಇದು ನಡೆಯಿತು. 1975ರ ಜೂನ್ 25ರ ರಾತ್ರಿ ಘೋಷಣೆಯಾದ ತುರ್ತುಪರಿಸ್ಥಿತಿ 1977ರ ಮಾರ್ಚ್ 21ರವರೆಗೆ, 21 ತಿಂಗಳು ದೇಶವನ್ನು ಆಳಿತು. 2025ಕ್ಕೆ ಅದಕ್ಕೆ 50 ವರ್ಷ ತುಂಬಿದವು. ಮೀಸಾ ಎಂಬ ಕಾನೂನಿನಲ್ಲೂ ಭಾರತ ರಕ್ಷಣಾ ನಿಯಮಗಳಲ್ಲೂ ಒಟ್ಟು 1,10,000ಕ್ಕೂ ಹೆಚ್ಚು ಜನರನ್ನು ಬಂಧಿಸಲಾಯಿತೆಂದು ನ್ಯಾಯಮೂರ್ತಿ ಷಾ ಅವರ ಆಯೋಗ ಲೆಕ್ಕ ಕೊಟ್ಟಿತು. ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ವಾಜಪೇಯಿ, ಅಡ್ವಾಣಿ, ಮಧು ದಂಡವತೆಯವರಿದ್ದರು. ನಮ್ಮ ನಾಡಿನ ದೇವೇಗೌಡರಿದ್ದರು. ಬಳ್ಳಾರಿಯ ಜೈಲಿನಲ್ಲೂ ಬಂದಿಗಳಿದ್ದರು.

ಯಾವುದೇ ಪಕ್ಷವನ್ನು ಹೊಗಳಲಿಕ್ಕಾಗಲಿ ತೆಗಳಲಿಕ್ಕಾಗಲಿ ನಾವು ಇದನ್ನು ಬರೆಯುತ್ತಿಲ್ಲ. ಮಠಕ್ಕೆ ಎಲ್ಲ ಪಕ್ಷದವರೂ ಬರುತ್ತಾರೆ, ಎಲ್ಲರಿಗೂ ಒಂದೇ ಭಸ್ಮ. ಆ ಕಾಲದಲ್ಲಿ ರೈಲು ಹೊತ್ತಿಗೆ ಸರಿಯಾಗಿ ಬರುತ್ತಿದ್ದವು, ಗೇಣಿದಾರನಿಗೆ ಭೂಮಿ ಸಿಕ್ಕಿತು, ಜೀತ ಹೋಯಿತು ಎಂದು ಹೇಳುವ ಹಿರಿಯರು ನಮ್ಮ ಭಕ್ತರಲ್ಲಿಯೇ ಇದ್ದಾರೆ. ಅವರ ಮಾತನ್ನು ತಳ್ಳಿಹಾಕಲಾಗದು. ದೇವರಾಜ ಅರಸರ ಭೂಸುಧಾರಣೆಯಿಂದ ಬಡವರ ಮನೆಯಲ್ಲಿ ದೀಪ ಹತ್ತಿದ್ದು ಸತ್ಯ. ಆದರೆ ಆ ಭೂಸುಧಾರಣೆಯ ಕಾಯಿದೆ ಜಾರಿಗೆ ಬಂದದ್ದು 1974ರ ಮಾರ್ಚ್‌ನಲ್ಲಿ, ತುರ್ತುಪರಿಸ್ಥಿತಿಗೆ ಒಂದು ವರ್ಷ ಮೊದಲು. ಒಬ್ಬನ ಮನೆಯ ದೀಪ ಹಚ್ಚಲು ಇನ್ನೊಬ್ಬನ ಮನೆಯ ದೀಪ ಆರಿಸಲೇಬೇಕೆಂಬ ನಿಯಮ ಎಲ್ಲಿಯೂ ಇಲ್ಲ.

ಮಂಗಳೂರಿನ ಮನೆತನದ ಆಲಿಸ್ ಫರ್ನಾಂಡಿಸ್ ಎಂಬ ತಾಯಿಯ ಕಥೆಯನ್ನು ಭಕ್ತರು ತಿಳಿಯಬೇಕು. ಅವರ ಹಿರಿಯ ಮಗ ಜಾರ್ಜ್ ಫರ್ನಾಂಡಿಸ್, 1974ರ ರೈಲ್ವೆ ಮುಷ್ಕರದ ನಾಯಕ. ತುರ್ತುಪರಿಸ್ಥಿತಿ ಬಂದೊಡನೆ ಭೂಗತರಾದರು. ಇನ್ನೊಬ್ಬ ಮಗ ಮೈಕೆಲ್, ಕಾರ್ಮಿಕ ಮುಖಂಡರು. ಅವರನ್ನು ಮೀಸಾದಲ್ಲಿ ಬಂಧಿಸಿದರು. ಮತ್ತೊಬ್ಬ ಮಗ ಲಾರೆನ್ಸ್. 1976ರ ಮೇ 1ರಂದು ಪೊಲೀಸರು ಬೆಂಗಳೂರಿನ ಮನೆಯಿಂದ ಲಾರೆನ್ಸರನ್ನು ಕರೆದೊಯ್ದರು. ಅವರಿಂದ ಬೇಕಾಗಿದ್ದುದು ಒಂದೇ ಉತ್ತರ: ಅಣ್ಣ ಎಲ್ಲಿದ್ದಾನೆ? ಆ ಉತ್ತರಕ್ಕಾಗಿ ಹೊಡೆದರು, ಬಡಿದರು, ಚಿತ್ರಹಿಂಸೆ ಕೊಟ್ಟರು. ಹಲವು ದಿನ ಮನೆಯವರಿಗೆ ಸುಳಿವೇ ಇರಲಿಲ್ಲ. ಕೊನೆಗೆ ತಾಯಿ ಜೈಲಿನಲ್ಲಿ ಮಗನನ್ನು ಕಂಡಾಗ ಆತ ಪರರ ಆಸರೆಯಿಲ್ಲದೆ ಹೆಜ್ಜೆಯಿಡಲಾರದ ಸ್ಥಿತಿಯಲ್ಲಿದ್ದರು. ಆ ತಾಯಿ ಎದೆಗುಂದಲಿಲ್ಲ. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದರಿಗೆ ಪತ್ರ ಬರೆದು, ತಮ್ಮ ಮಗನಿಗೆ ಏನಾಯಿತೆಂದು ವಿವರವಾಗಿ ತಿಳಿಸಿದರು. ಪತ್ರಿಕೆಗಳ ಬಾಯಿ ಮುಚ್ಚಿದ್ದ ಕಾಲದಲ್ಲಿ ಒಬ್ಬ ವೃದ್ಧ ಮಾತೆಯ ಕಾಗದವೇ ಪತ್ರಿಕೆಯಾಯಿತು. 1976ರ ಜೂನ್ 10ರಂದು ಕಲ್ಕತ್ತೆಯಲ್ಲಿ ಜಾರ್ಜ್ ಸೆರೆಯಾದಾಗ ಆಕೆಯ ಈ ಮೂವರು ಮಕ್ಕಳೂ ಸೆರೆಯಾದಂತಾಯಿತು.

ಜಾರ್ಜರ ಮೇಲೆ ಡೈನಮೈಟ್ ಸಂಗ್ರಹಿಸಿದ ಆರೋಪವಿತ್ತು. ಅಂಥ ಮಾರ್ಗವನ್ನು ನಾವು ಅನುಮೋದಿಸುವುದಿಲ್ಲ. ಅಹಿಂಸೆಯೇ ಸತ್ಯಾಗ್ರಹದ ಪ್ರಾಣ. ಆದರೆ ಅಣ್ಣನ ಮೇಲೆ ಆರೋಪವಿದ್ದರೆ ಅಣ್ಣನನ್ನು ಹುಡುಕಬೇಕು, ನ್ಯಾಯಾಲಯದಲ್ಲಿ ನಿಲ್ಲಿಸಬೇಕು. ತಮ್ಮನ ಮೂಳೆ ಮುರಿಯುವುದು ಯಾವ ದಂಡನೀತಿ? ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದ್ದೇ ಅಪರಾಧವಾಯಿತೇ?

ಲಾರೆನ್ಸರನ್ನು ಕರೆದೊಯ್ದ ಮರುದಿನ, 1976ರ ಮೇ 2ರಂದು, ಸ್ನೇಹಲತಾ ರೆಡ್ಡಿಯವರ ಬಂಧನವಾಯಿತು. ಅನಂತಮೂರ್ತಿಯವರ ಕಾದಂಬರಿಯಿಂದ ಮಾಡಿದ 'ಸಂಸ್ಕಾರ' ಚಲನಚಿತ್ರದಲ್ಲಿ ಚಂದ್ರಿಯ ಪಾತ್ರ ವಹಿಸಿದವರು ಅವರು. ಅದನ್ನು ನಿರ್ದೇಶಿಸಿದವರು ಅವರ ಪತಿ ಪಟ್ಟಾಭಿರಾಮ ರೆಡ್ಡಿಯವರು. ಜಾರ್ಜರ ಸ್ನೇಹಿತರೆಂಬುದೇ ಆಕೆಯ ಅಪರಾಧ. ಮೊದಲೇ ಉಬ್ಬಸದ ರೋಗಿ. ಬೆಂಗಳೂರು ಜೈಲಿನಲ್ಲಿ ಎಂಟು ತಿಂಗಳು ಇಟ್ಟರು. ಕೊನೆಗೆ ಸಲ್ಲಿಸಿದ ಆರೋಪಪಟ್ಟಿಯಲ್ಲಿ ಆಕೆಯ ಹೆಸರೇ ಇರಲಿಲ್ಲ! ಆ ತಾಯಿ ತನ್ನ ಗೋಳನ್ನು ಬದಿಗಿಟ್ಟು, ಜೊತೆಗಿದ್ದ ಬಡ ಹೆಣ್ಣು ಕೈದಿಗಳ ಊಟ ಉಪಚಾರ ಸುಧಾರಿಸಲು ಅಧಿಕಾರಿಗಳೊಡನೆ ಹೋರಾಡಿದರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ರಂದು ಪೆರೋಲಿನ ಮೇಲೆ ಬಿಟ್ಟರು. ಮನೆಗೆ ಬಂದ ಐದೇ ದಿನಕ್ಕೆ, ಜನವರಿ 20ರಂದು, ಪ್ರಾಣ ಬಿಟ್ಟರು. ಗಂಡನಿಗೆ, ಮಕ್ಕಳಿಗೆ ಸಿಕ್ಕಿದ್ದು ಐದು ದಿನ.

ನ್ಯಾಯಾಲಯಕ್ಕೆ ಹೋಗಬಾರದಿತ್ತೇ ಎಂದು ನೀವು ಕೇಳಬಹುದು. ಅದಕ್ಕೂ ಉತ್ತರವಿದೆ. ಬಂಧಿಸಿದ ವ್ಯಕ್ತಿಯನ್ನು ತಂದು ಹಾಜರುಪಡಿಸಿರಿ, ಬಂಧನ ಕಾನೂನುಬದ್ಧವೇ ಎಂದು ವಿಚಾರಿಸಿರಿ ಎಂದು ಕೇಳುವ ಅರ್ಜಿಗೆ ಹೇಬಿಯಸ್ ಕಾರ್ಪಸ್ ಎನ್ನುತ್ತಾರೆ. ಹೆಂಡತಿ, ತಾಯಿ, ಅಣ್ಣತಮ್ಮಂದಿರ ಕೈಯಲ್ಲಿ ಇರುವ ಒಂದೇ ಅಸ್ತ್ರ ಅದು. ದೇಶದ ಒಂಬತ್ತು ಹೈಕೋರ್ಟುಗಳು ಆ ಅರ್ಜಿಗಳನ್ನು ಕೇಳಬಹುದೆಂದು ಹೇಳಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ತುರ್ತುಪರಿಸ್ಥಿತಿ ಇರುವವರೆಗೆ ಅಂಥ ಅರ್ಜಿ ಹಾಕುವ ಹಕ್ಕೇ ಇಲ್ಲವೆಂದು ತೀರ್ಪು ಕೊಟ್ಟಿತು. ಏಪ್ರಿಲ್ 28ಕ್ಕೆ ನ್ಯಾಯದ ಬಾಗಿಲು ಮುಚ್ಚಿತು. ಮೇ 1ಕ್ಕೆ ಲಾರೆನ್ಸ್, ಮೇ 2ಕ್ಕೆ ಸ್ನೇಹಲತಾ. ಈ ದಿನಾಂಕಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿರಿ. ಕಾವಲಿಗೆ ಕಣ್ಣಿಲ್ಲದ ಊರಿನಲ್ಲಿ ಮನೆಗಳಿಗೆ ಉಳಿಗಾಲವೆಲ್ಲಿ?

ಅಂದು ಪೀಠದಲ್ಲಿ ಐವರಿದ್ದರು. ನಾಲ್ವರು ಒಂದು ಕಡೆ, ಎಚ್.ಆರ್. ಖನ್ನಾ ಒಬ್ಬರೇ ಒಂದು ಕಡೆ. ವಿಚಾರಣೆಯಿಲ್ಲದೆ ಮನುಷ್ಯನ ಪ್ರಾಣ, ಸ್ವಾತಂತ್ರ್ಯ ಕಸಿಯಲಾಗದೆಂದು ಅವರು ಬರೆದರು. ತೀರ್ಪು ಹೊರಬೀಳುವ ಮುನ್ನ ಹರಿದ್ವಾರದಲ್ಲಿ ಗಂಗೆಯ ದಂಡೆಗೆ ಕುಳಿತು, ಈ ತೀರ್ಪಿನಿಂದ ತಮ್ಮ ಮುಖ್ಯ ನ್ಯಾಯಮೂರ್ತಿ ಪದವಿ ಹೋಗುತ್ತದೆಂದು ತಂಗಿಗೆ ಹೇಳಿದ್ದನ್ನು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಹಾಗೆಯೇ ಆಯಿತು. 1977ರ ಜನವರಿಯಲ್ಲಿ ಅವರನ್ನು ಬಿಟ್ಟು ಕಿರಿಯರೊಬ್ಬರನ್ನು ಆ ಪೀಠಕ್ಕೆ ಕೂರಿಸಿದರು. ಖನ್ನಾ ರಾಜೀನಾಮೆ ಕೊಟ್ಟರು. ಮೊದಲು ಮನೆಯವರಿಗೆ ತಿಳಿಸಿ ಆಮೇಲೆ ಕಳೆದುಕೊಂಡರು ಎಂಬುದನ್ನು ಗಮನಿಸಿರಿ. ಈ ಮಾತಿಗೆ ಮತ್ತೆ ಬರುತ್ತೇವೆ.

ಈ ಎಲ್ಲ ಪ್ರಸಂಗಗಳಿಂದ ನಾವು ತಿಳಿಯಬೇಕಾದದ್ದೇನು?

ಮೊದಲನೆಯದು, ನಿಷ್ಠೆ ಬೇರೆ, ಮೋಹ ಬೇರೆ. ಮಗ ಕಳವು ಮಾಡಿ ಬಂದರೆ ಮುಚ್ಚಿಡುವುದು, ಅಳಿಯ ಲಂಚ ತಿಂದರೆ ಸಮರ್ಥಿಸುವುದು ಮೋಹ. ಅದು ಕುಟುಂಬ ನಿಷ್ಠೆಯ ವೇಷ ಹಾಕಿ ಬರುತ್ತದೆ. ಇದಕ್ಕೆ ಅದೇ ನ್ಯಾಯಾಲಯದ ಉದಾಹರಣೆಯೇ ಸಾಕು. 1976ರಲ್ಲಿ ಬಾಗಿಲು ಮುಚ್ಚಿದ ನಾಲ್ವರಲ್ಲಿ ವೈ.ವಿ. ಚಂದ್ರಚೂಡ್ ಒಬ್ಬರು. 41 ವರ್ಷಗಳ ತರುವಾಯ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ, 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಹಳೆಯ ತೀರ್ಪನ್ನು ರದ್ದುಗೊಳಿಸಿತು. ಅದು ತಪ್ಪು ತೀರ್ಪೆಂದು ಬರೆದವರು ಯಾರು? ಅವರದೇ ಮಗ ಡಿ.ವೈ. ಚಂದ್ರಚೂಡ್. ಇದು ಪಿತೃದ್ರೋಹವೇ? ಅಲ್ಲ. ತಂದೆಯ ಸಾಲವನ್ನು ಮಗ ತೀರಿಸಿದಂತೆ. ತಂದೆ ಮಾಡಿದ ಸಾಲ ತೀರಿಸುವವನನ್ನು ಊರು ಸತ್ಪುತ್ರ ಎನ್ನುತ್ತದೆ. ತಂದೆಯ ತಪ್ಪನ್ನು ತಿದ್ದಿದವನನ್ನು ಹಾಗೆನ್ನಲು ಏಕೆ ಹಿಂಜರಿಯಬೇಕು?

ಎರಡನೆಯದು, ನಿರಂಕುಶ ಪ್ರಭುತ್ವ ಗುರಿಯಿಡುವುದು ಹೋರಾಟಗಾರನ ಎದೆಗಲ್ಲ, ಅವನ ತಾಯಿಯ ಕರುಳಿಗೆ. ಎದೆಗೆ ಹೆದರದವನು ಕರುಳಿಗೆ ಬಾಗುತ್ತಾನೆಂದು ಅದಕ್ಕೆ ಗೊತ್ತು. ಕರುಳಬಳ್ಳಿಯನ್ನೇ ಹಗ್ಗ ಮಾಡಿ ಕೈ ಕಟ್ಟುವ ಉಪಾಯವಿದು. ಆದ್ದರಿಂದ ತಾಯಿ ಕಣ್ಣೀರಿಟ್ಟು, ಏನಾದರೂ ಬರೆದುಕೊಟ್ಟು ಮನೆಗೆ ಬಾರಪ್ಪ ಎಂದರೆ ಆಕೆಯನ್ನು ಯಾರೂ ಹಳಿಯಬಾರದು. ಹೆತ್ತ ಜೀವ ಹಾಗೆ ಅನ್ನದೆ ಇನ್ನೇನು ಅಂದೀತು? ಪಾಪವಿರುವುದು ಆ ಕಣ್ಣೀರಿನಲ್ಲಿ ಅಲ್ಲ, ಆ ಕಣ್ಣೀರನ್ನು ಬಳಸಿಕೊಳ್ಳುವವರ ಕೈಯಲ್ಲಿ. ಆದರೂ ಆಲಿಸರಂಥ ತಾಯಿಯರು ಮಕ್ಕಳಿಗೆ ಬಾಗೆಂದು ಹೇಳದೆ, ಆಳುವವರಿಗೆ ಇದು ಅನ್ಯಾಯವೆಂದು ಹೇಳಿದರಲ್ಲ, ಅದು ದೊಡ್ಡದು. ತನ್ನವನನ್ನು ಮುರಿಯದೆ ತನ್ನವನಿಗಾಗಿ ದನಿ ಎತ್ತುವುದೇ ಮನೆಯವರ ನಿಷ್ಠೆ ಎಂಬುದು ನಮ್ಮ ಅಭಿಪ್ರಾಯ.

ಮೂರನೆಯ ಮಾತು ಹೋರಾಟಕ್ಕೆ ಹೊರಡುವ ತರುಣರಿಗೆ. ತ್ಯಾಗ ಮಾಡುವ ಅಧಿಕಾರ ನಿನ್ನದರ ಮೇಲೆ ಮಾತ್ರ. ನಿನ್ನ ನಿದ್ದೆ, ನಿನ್ನ ಅನ್ನ, ನಿನ್ನ ಪ್ರಾಣ ನಿನ್ನವು. ಹೆಂಡತಿಯ ನಿದ್ದೆ ನಿನ್ನದಲ್ಲ. ತಾಯಿಯ ಔಷಧ ನಿನ್ನದಲ್ಲ. ಅವರನ್ನು ಕೇಳದೆ ಅವರ ಬಾಳನ್ನು ಪಣಕ್ಕಿಟ್ಟರೆ ಅದು ತ್ಯಾಗವಾಗದು. ಬೇರೆಯವರ ಗಂಟನ್ನು ದಾನ ಮಾಡಿದಂತಾದೀತು. ಸ್ನೇಹಲತಾ ಅವರು ತಾವೇ ಆ ದಾರಿ ಹಿಡಿದವರು. ಲಾರೆನ್ಸರನ್ನು ಯಾರೂ ಕೇಳಿರಲಿಲ್ಲ, ಆದರೂ ಅವರು ತೆತ್ತರು. ಖನ್ನಾ ಅವರು ಪದವಿ ಹೋಗುತ್ತದೆಂದು ಮನೆಯವರಿಗೆ ಮೊದಲೇ ಹೇಳಿದ್ದರಲ್ಲ, ಅದು ಗೃಹಸ್ಥನ ಮರ್ಯಾದೆ. ಒಳ್ಳೆಯ ಕೆಲಸಕ್ಕೆ ಹೊರಡುವವನು ದೇವರ ಕೋಣೆಯಲ್ಲಿ ಕೈಮುಗಿದ ಮೇಲೆ ಅಡುಗೆ ಮನೆಗೆ ಹೋಗಿ ಒಂದು ಮಾತು ಕೇಳಲಿ. ಜಾರ್ಜ್ ಅವರು 1977ರ ಚುನಾವಣೆಯಲ್ಲಿ ಜೈಲಿನಲ್ಲಿದ್ದುಕೊಂಡೇ ಬಿಹಾರದ ಮುಜಫ್ಫರಪುರದಿಂದ 3 ಲಕ್ಷಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದು ಮಂತ್ರಿಗಳಾದರು. ಗೆದ್ದವರಿಗೆ ಹಾರ ಬಿತ್ತು. ಮನೆಯಲ್ಲಿ ಕುಳಿತು ತೆತ್ತವರಿಗೆ ಹಾರ ಹಾಕಿದವರೆಷ್ಟು ಮಂದಿ?

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಅದು ಊರಿನ ಧರ್ಮ.

ಮಗನನ್ನು ಹಿಡಿದುಕೊಂಡು ಹೋದ ಮರುದಿನ ಆ ಮನೆಯ ಮುಂದೆ ಹಾಯುವವರು ತಲೆ ತಗ್ಗಿಸಿ ಹಾಯುತ್ತಾರೆ. ನಿನ್ನೆಯವರೆಗೆ ಕಟ್ಟೆಯ ಮೇಲೆ ಕುಳಿತು ಎಲೆಅಡಿಕೆ ಹಾಕಿದವರು ಇಂದು ಬೇರೆ ದಾರಿ ಹಿಡಿಯುತ್ತಾರೆ. ಅಂಗಡಿಯವನು ಉದ್ದರಿ ನಿಲ್ಲಿಸುತ್ತಾನೆ. ಗಂಡು ನೋಡಲು ಬರಬೇಕಾದವರು ಬರುವುದಿಲ್ಲ. ಪೊಲೀಸರ ಏಟು ನಾಲ್ಕು ದಿನದಲ್ಲಿ ಮಾಯಬಹುದು. ನೆರೆಯವರು ಮುಖ ತಿರುಗಿಸಿದ ಏಟು ಮಾಯುವುದಿಲ್ಲ. ನಿರಂಕುಶ ಪ್ರಭುತ್ವಕ್ಕೆ ಇರುವ ಪೊಲೀಸರು ಕೆಲವು ಸಾವಿರ ಮಾತ್ರ. ಉಳಿದ ಕೆಲಸವನ್ನು ಅದು ನಮ್ಮ ಅಂಜಿಕೆಯಿಂದಲೇ ಮಾಡಿಸಿಕೊಳ್ಳುತ್ತದೆ.

1948ರಲ್ಲಿ ಹೊಳೆಯ ಈಚೆ ದಂಡೆಯವರು ಅಂಜಲಿಲ್ಲ. ಬಂದವರು ಯಾವ ಜಾತಿ ಎಂದು ಕೇಳದೆ ರೊಟ್ಟಿ ಕೊಟ್ಟರು. ಅದೇ ನಿಜವಾದ ದಾಸೋಹ. ಹಬ್ಬದ ದಿನ ಮಠದಲ್ಲಿ ಹುಗ್ಗಿ ಬಡಿಸುವುದು ಸುಲಭ. ಜನ ನೋಡುತ್ತಾರೆ, ಹೊಗಳುತ್ತಾರೆ. ಆಳುವವರ ಕಣ್ಣಿಗೆ ಬಿದ್ದ ಮನೆಗೆ ಒಂದು ಸೇರು ಜೋಳ ಒಯ್ದು ಕೊಡುವುದು ಕಷ್ಟ. ಜನ ನೋಡಿದರೆ ಗಾಬರಿಯಾಗುತ್ತಾರೆ. ಎರಡನೆಯದರ ಪುಣ್ಯ ಹೆಚ್ಚು. ಸಿರುಗುಪ್ಪದ ಗದ್ದೆಯಲ್ಲಿ ನಾಟಿಯ ಹೊತ್ತಿಗೆ ಮನೆಯ ಗಂಡಸು ಒಳಗಿದ್ದರೆ ಮುಯ್ಯಾಳಾಗಿ ನಾಲ್ಕು ಮಂದಿ ಹೋಗಿರಿ. ಮಕ್ಕಳ ಶಾಲೆ ತಪ್ಪದಂತೆ ನೋಡಿರಿ. ಅವನ ವಿಚಾರ ನಿಮಗೆ ಒಪ್ಪಿಗೆಯಾಗಬೇಕಿಲ್ಲ. ಅವನು ನಿಮ್ಮ ಪಕ್ಷದವನಾಗಬೇಕಿಲ್ಲ, ನಿಮ್ಮ ಜಾತಿಯವನಾಗಬೇಕಿಲ್ಲ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇವೆ: ಅವನು ನಿಜವಾಗಿಯೂ ಅಪರಾಧಿಯೇ ಆಗಿದ್ದರೂ ಅವನ ತಾಯಿ ಅಪರಾಧಿಯಲ್ಲ.

ನಮ್ಮ ಭಕ್ತರ ಎಷ್ಟೋ ಮನೆಗಳಲ್ಲಿ ಮಕ್ಕಳು ಪೊಲೀಸ್ ಇಲಾಖೆಯಲ್ಲಿದ್ದಾರೆ. ಅದು ಗೌರವದ ಕಾಯಕ. ಆ ತಂದೆತಾಯಿಗಳಿಗೆ ನಮ್ಮ ಬುದ್ಧಿವಾದ ಇಷ್ಟೆ. ಹಬ್ಬಕ್ಕೆ ಮಗ ಊರಿಗೆ ಬಂದಾಗ ಕೂಡಿಸಿಕೊಂಡು ಹೇಳಿರಿ: ಮೇಲಿನವರ ಅಪ್ಪಣೆ ಎಂಬುದು ಲಾಠಿಗೆ ಸಮಜಾಯಿಷಿ ಆಗಬಹುದು, ಆತ್ಮಕ್ಕೆ ಆಗಲಾರದು. ಲಾರೆನ್ಸರನ್ನು ಹೊಡೆದ ಕೈಗಳಿಗೂ ಮನೆಯಲ್ಲಿ ತಾಯಿ ತಮ್ಮಂದಿರು ಇದ್ದಿರಲೇಬೇಕು.

ಕಾನೂನನ್ನೂ ಭಕ್ತರು ಸ್ವಲ್ಪ ತಿಳಿದಿರಬೇಕು. ಅಜ್ಞಾನವೇ ಅಂಜಿಕೆಯ ತಾಯಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ನಮ್ಮ ಸಂವಿಧಾನದ 22ನೆಯ ವಿಧಿ ಹೇಳುತ್ತದೆ. ಮುನ್ನೆಚ್ಚರಿಕೆಯ ಬಂಧನದ ಕಾನೂನುಗಳು ಇದಕ್ಕೆ ಹೊರತು. ಬಂಧನದ ಸುದ್ದಿಯನ್ನು ಮನೆಯವರಿಗೋ ಸ್ನೇಹಿತರಿಗೋ ತಿಳಿಸಲೇಬೇಕೆಂದು 1996ರಲ್ಲಿ ಡಿ.ಕೆ. ಬಸು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ವಿಧಿಸಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಆ ಕಟ್ಟಳೆ ಇದೆ. ತುರ್ತುಪರಿಸ್ಥಿತಿ ಬಂದರೂ ಪ್ರಾಣದ, ಸ್ವಾತಂತ್ರ್ಯದ ಹಕ್ಕಿಗಾಗಿ ನ್ಯಾಯಾಲಯಕ್ಕೆ ಹೋಗುವುದನ್ನು ತಡೆಯಲಾಗದೆಂದು 1978ರ 44ನೆಯ ತಿದ್ದುಪಡಿಯಲ್ಲಿ ಸೇರಿಸಿದರು. ಇವೆಲ್ಲ ಬಿಟ್ಟಿ ಬಂದವಲ್ಲ. ಆಲಿಸ್ ತಾಯಿಯಂಥವರ ಕಣ್ಣೀರು, ಸ್ನೇಹಲತಾ ಅವರಂಥವರ ಉಸಿರು ಈ ಅಕ್ಷರಗಳ ಹಿಂದೆ ಇದೆ. ಆದರೆ ಕಾನೂನು ಪುಸ್ತಕದಲ್ಲಿದ್ದರೆ ಸಾಲದು. ಠಾಣೆಯ ಬಾಗಿಲಲ್ಲಿ ನಿಂತು, ನಮ್ಮ ಹುಡುಗ ಎಲ್ಲಿದ್ದಾನೆ ಎಂದು ಕೇಳುವಾಗ ತಾಯಿಯ ಜೊತೆಗೆ ಊರಿನ ನಾಲ್ಕು ಮಂದಿ ಹಿರಿಯರು ನಿಂತಿರಬೇಕು. ಆಗ ಮಾತ್ರ ಆ ಅಕ್ಷರಕ್ಕೆ ಜೀವ.

ಕುರುಗೋಡಿನ ದೊಡ್ಡಬಸವೇಶ್ವರನ ಸನ್ನಿಧಿಗೆ ಬರುವ ಹಿರಿಯರಲ್ಲಿ, ಬಳ್ಳಾರಿಯ ಪೇಟೆಯ ವರ್ತಕರಲ್ಲಿ, ಸಿರುಗುಪ್ಪ ಸೀಮೆಯ ರೈತಾಪಿ ಭಕ್ತರಲ್ಲಿ ನಮ್ಮ ಒಂದು ಬಿನ್ನಹ. ಹೊಳೆ ದಾಟಿ ಬಂದವರ ಕಥೆ, ಜೈಲಿಗೆ ಹೋದವರ ಕಥೆ, ಅವರಿಗಾಗಿ ಕಾದವರ ಕಥೆ ನಿಮ್ಮ ಮನೆತನದಲ್ಲಿ ಇದ್ದರೆ ಮೊಮ್ಮಕ್ಕಳಿಗೆ ಹೇಳಿರಿ. ಹೇಳುವಾಗ ಜೈಲಿಗೆ ಹೋದ ಅಜ್ಜನ ಹೆಸರಿನ ಜೊತೆಗೆ, ಆ ದಿನಗಳಲ್ಲಿ ಮನೆ ನಡೆಸಿದ ಅಜ್ಜಿಯ ಹೆಸರನ್ನೂ ಹೇಳಿರಿ. ಬಾಗಿಲಿಗೆ ಬಂದು ಧೈರ್ಯ ಹೇಳಿದ ನೆರೆಯವರು ಯಾರೆಂಬುದನ್ನೂ ಹೇಳಿರಿ. ಹೆಸರು ಮರೆತಲ್ಲಿ ಋಣವೂ ಮರೆತುಹೋಗುತ್ತದೆ.

ಅಂಥ ಕಾಲ ನಮ್ಮ ನಾಡಿಗೆ ಮತ್ತೆ ಬಾರದಿರಲೆಂದು ಪರಶಿವನನ್ನು ಪ್ರಾರ್ಥಿಸುತ್ತೇವೆ. ಒಂದು ವೇಳೆ ಬಂದರೆ, ಸೆರೆಗೆ ಹೋದವನ ಮನೆಯಲ್ಲಿ ಸಂಜೆ ದೀಪಕ್ಕೆ ಎಣ್ಣೆ ಇದೆಯೇ ಎಂದು ಪಕ್ಕದ ಮನೆಯವರು ಒಮ್ಮೆ ಹೋಗಿ ನೋಡಿ ಬರಲಿ. ಭಕ್ತರೆಲ್ಲರಿಗೂ ಆ ಧೈರ್ಯವನ್ನು ಭಗವಂತ ಕರುಣಿಸಲಿ.